ಒಂದೇ ದಿನ ಎರಡು ಸಲ ಮುಳುಗಿದ ಹೊತ್ತು

ಅತ್ತೆಯವರ ನೇಮದ ಜವಾಬ್ದಾರಿ ನನ್ನದು ಎಂದು ನಾನೇ ಬಾಯಿ ಬಿಟ್ಟು ಹೇಳಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ನಮ್ಮವರು ವಿಮಾನದ ಟಿಕೀಟುಗಳನ್ನು ಕೈಯಲ್ಲಿ ಹಿಡಿದುಕೊಂಡು ತಾಯಿಯ ಮುಖ ನೋಡುತ್ತಿದ್ದರು. ಅತ್ತೆಯವರು ಮೊರದಲ್ಲಿ ಸಜ್ಜೆ ಹಸನು ಮಾಡುತ್ತ ತಲೆ ಎತ್ತದೆ ಕೂತಿದ್ದರು. ಆ ಮೌನ ತಡೆಯಲಾರದೆ ನನ್ನ ನಾಲಿಗೆ ಓಡಿತು.

"ನಿಮ್ಮ ನೇಮಕ್ಕ ಒಂದ ದಿನಾನೂ ಧಕ್ಕಿ ಬರದಂಗ ನಾ ನೋಡ್ಕೋತೇನ್ರಿ ಅತ್ತಿ. ಅದನ್ನ ನನಗ ಬಿಡ್ರಿ."

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎನ್ನುವುದು ಎಲ್ಲ ಮನೆಗಳಲ್ಲಿ ಗೊತ್ತಿರುವ ಮಾತು, ಪಾಲಿಸುವುದು ಮಾತ್ರ ಅವರವರ ಶಕ್ತಿಗೆ ಬಿಟ್ಟದ್ದು. ಅತ್ತೆಯವರು ಮದುವೆಯಾಗಿ ಮೂಡಲಗಿಗೆ ಬಂದ ವರ್ಷ ಹಿಡಿದ ನೇಮವನ್ನು ನಲವತ್ತು ವರ್ಷ ಬಿಟ್ಟಿರಲಿಲ್ಲ. ಹೊತ್ತು ಮುಳುಗಿದರೆ ಮುಗಿಯಿತು, ಮರುದಿನ ಸೂರ್ಯ ಹುಟ್ಟುವವರೆಗೆ ಅನ್ನ ಹೋಗಲಿ, ಗುಟುಕು ನೀರೂ ಇಲ್ಲ. ಬಾಣಂತನದಲ್ಲೂ ಬಿಟ್ಟಿರಲಿಲ್ಲವಂತೆ. ನನ್ನ ತವರು ಹುಕ್ಕೇರಿ. ನಮ್ಮಪ್ಪ ಅರಿವೆ ಅಂಗಡಿ ಮುಚ್ಚಿ ಮನೆಗೆ ಬರುವುದೇ ಎಂಟು ಗಂಟೆಗೆ, ಊಟ ಅದರ ಮೇಲೆ. ಹಾಗಾಗಿ ಮೂಡಲಗಿಯ ನೆಂಟರ ಬಳಗದಲ್ಲಿ ನನಗೆ 'ಲ್ಯಾಂಪಿನ ಬೆಳಕಿನಾಗ ಉಣ್ಣೂವ್ರ ಮಗಳು' ಎಂಬ ಬಿರುದಿತ್ತು. ಅತ್ತೆಯವರು ಹಾಗೆ ಯಾವತ್ತೂ ಅಂದವರಲ್ಲ. ಅನ್ನಬೇಡಿ ಎಂದು ಉಳಿದವರಿಗೆ ಹೇಳಿದವರೂ ಅಲ್ಲ. ಹತ್ತು ವರ್ಷ ಸಂಸಾರ ಮಾಡಿದ ಮೇಲೂ ಅದು ನನಗೆ ಚುಚ್ಚುತ್ತಿತ್ತು.

ವಿಮಾನದ ಟಿಕೀಟು ರೈಲಿನ ಏಸಿ ಡಬ್ಬಿಯ ದರಕ್ಕೆ ಇಳಿದಿದ್ದ ವರ್ಷಗಳವು. ಕಾಳಿನ ದಲಾಲಿಯ ಅಡತ್ ಅಂಗಡಿ ನಡೆಸುವ ನಮ್ಮವರು ಯಾರೋ ಹೇಳಿದ್ದನ್ನು ಕೇಳಿ, ಬೇಸಿಗೆ ಸೂಟಿಗೆಂದು ಮುಂಬಯಿಯಿಂದ ಕಲ್ಕತ್ತಾಕ್ಕೆ ಹೋಗಿ ಬರುವ ಟಿಕೀಟು ತೆಗೆಸಿಬಿಟ್ಟಿದ್ದರು. ಅಲ್ಲಿಂದ ರೈಲಿನಲ್ಲಿ ಡಾರ್ಜಿಲಿಂಗ್. ಎಂಟು ವರ್ಷದ ಮಗಳಿಗೆ ಹಿಮದ ಗುಡ್ಡ ನೋಡಬೇಕಿತ್ತು. ಅವಳ ಹೆಸರು ಹೇಳಿಕೊಂಡು ನಾನು ವಿಮಾನ ಹತ್ತಬೇಕಿತ್ತು, ಇದನ್ನು ಈಗ ಒಪ್ಪಿಕೊಳ್ಳುತ್ತೇನೆ. ಸಣ್ಣವಳಿದ್ದಾಗ ಹುಕ್ಕೇರಿಯ ಮಾಳಿಗೆ ಮೇಲೆ ನಿಂತು, ಎತ್ತರದಲ್ಲಿ ಹೋಗುವ ಪ್ರತಿ ವಿಮಾನಕ್ಕೂ ಕೈ ಬೀಸಿದವಳು ನಾನು. ಆದರೆ ಮೂರು ವರ್ಷದ ಮಗನಿಗೆ ಅವನ ಆಯಿಯ ತೊಡೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಮಕ್ಕಳಿಗೆ ಅಜ್ಜಿ ಎಂದರೆ ಆಯಿ. ಆಯಿ ಬರದಿದ್ದರೆ ಅವನನ್ನು ಸಂಭಾಳಿಸುವವರು ಯಾರು ಎಂದು ನಮ್ಮವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂದರೆ ಅತ್ತೆಯವರು ಒಲ್ಲೆ ಎಂದರೆ ನನ್ನ ವಿಮಾನವೂ ಇಲ್ಲ.

ಅತ್ತೆಯವರು ಮೊರ ಕೆಳಗಿಟ್ಟು ನನ್ನನ್ನು ನೋಡಿದರು. "ನೀ ನೋಡ್ಕೋತಿ ಅಂದ್ರ ಬರ್ತೇನಿ," ಎಂದರು, ಅಷ್ಟೇ.

ಆಮೇಲೆ ನನ್ನ ತಯಾರಿ ನೋಡಬೇಕಿತ್ತು. ಎರಡು ದಿನ ಕೂತು ಖಡಕ್ ಸಜ್ಜೆ ರೊಟ್ಟಿ ಬಡಿದೆ. ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿ ಕುಟ್ಟಿದೆ, ಶೇಂಗಾ ಹೋಳಿಗೆ ಮಾಡಿದೆ, ಗೋಕಾಕದಿಂದ ಕರದಂಟು ತರಿಸಿದೆ. ನೀರು ಸೋಸಿ ಗಾಳಿಸುವ ಅರಿವೆ ಎರಡು ಇಟ್ಟುಕೊಂಡೆ. ಎಲ್ಲದಕ್ಕಿಂತ ಮುಖ್ಯವಾಗಿ, ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಿಂದ ಮೇ ತಿಂಗಳ ಹಾಳೆ ಹರಿದು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟೆ. ಅದರಲ್ಲಿ ದಿನಾಲೂ ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಅಚ್ಚಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಸಂಜೆ ಅಡಿಗೆ ನಡೆಯುತ್ತಿದ್ದದ್ದೇ ಆ ಹಾಳೆ ನೋಡಿ. ತಿಂಗಳು ಮುಗಿಯುವ ಮೊದಲೇ ಹಾಳೆ ಹರಿದದ್ದಕ್ಕೆ ನಮ್ಮವರು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತಪಾಸಣೆಯ ಬೆಲ್ಟಿನ ಮೇಲೆ ಹೋಗಿ ನಿಂತುಬಿಟ್ಟಿತು. ವರ್ದಿ ಹಾಕಿದ ಒಬ್ಬಾತ ಅದನ್ನು ಬಿಚ್ಚಿ ಚಟ್ನಿಯ ಪಾಕೀಟು ಹೊರಗೆ ತೆಗೆದ. ಕೆಂಪು ಪುಡಿ, ಒಂದು ಕಿಲೋದಷ್ಟು. ಇದೇನು ಎಂದು ಕೇಳಿದ. ನನಗೆ ಹಿಂದಿಯಲ್ಲಿ ಶೇಂಗಾಕ್ಕೆ ಏನನ್ನುತ್ತಾರೆಂಬುದೇ ಮರೆತುಹೋಯಿತು. ಅತ್ತೆಯವರು ಮುಂದೆ ಬಂದು, ಮರಾಠಿಯಲ್ಲಿ "ತಿಂದು ನೋಡಪ್ಪಾ" ಎಂದು ಒಂದು ಚಿಟಿಕೆ ಅವನ ಅಂಗೈಗೆ ಹಾಕಿದರು. ಅವನೂ ಆ ಕಡೆಯವನೇ ಇರಬೇಕು, ತಿಂದ. ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಮಾಡಿದ್ದಾ ಎಂದು ಕೇಳಿದ. "ನನ್ನ ಸೊಸಿ ಮಾಡ್ಯಾಳ," ಎಂದರು ಅತ್ತೆಯವರು. ಅವನು ನಗುತ್ತ ಚೀಲ ಕಟ್ಟಿಕೊಟ್ಟ. ನಾನು ಉಬ್ಬಿಹೋದೆ.

ಮೂರಕ್ಕೆ ಹೊರಡಬೇಕಾದ ವಿಮಾನ ಹೊರಟದ್ದು ನಾಲ್ಕಕ್ಕೆ. ಬಲಗಡೆಯ ಸಾಲಿನಲ್ಲಿ ಕಿಟಕಿಗೆ ಮಗಳು, ನಡುವೆ ಅತ್ತೆಯವರು, ಈ ತುದಿಗೆ ನಾನು. ಓಣಿಯಂಥ ದಾರಿಯ ಆಚೆ ನಮ್ಮವರು, ಅವರ ಬಾಜೂ ಮಗನ ಸೀಟು. ಆ ಸೀಟು ಖಾಲಿಯೇ ಇತ್ತು, ಏಕೆಂದರೆ ಮಗ ಏರಿದ ಐದು ನಿಮಿಷಕ್ಕೇ ಆಯಿಯ ತೊಡೆ ಸೇರಿದ್ದ. ವಿಮಾನ ನೆಲ ಬಿಡುವಾಗ ಅತ್ತೆಯವರು ಒಂದು ಕೈಯಲ್ಲಿ ಅವನನ್ನೂ ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟನ್ನೂ ಹಿಡಿದು ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿದರು. ನಾನು ಕಣ್ಣು ಮುಚ್ಚಲಿಲ್ಲ. ಮಗಳ ತಲೆಯ ಮೇಲಿಂದ ಬಗ್ಗಿ ಬಗ್ಗಿ ಹೊರಗೆ ನೋಡಿದೆ. ಮೋಡ ಕೆಳಗಿತ್ತು. ಹುಕ್ಕೇರಿಯ ಮಾಳಿಗೆಯ ಆ ಹುಡುಗಿ ನೆನಪಾಗಿ, ಯಾರಿಗೂ ಕಾಣದಂತೆ ಕೆಳಕ್ಕೆ ಒಮ್ಮೆ ಕೈ ಬೀಸಿದೆ.

ಐದೂವರೆ ಸುಮಾರಿಗೆ ಅತ್ತೆಯವರು ಕೇಳಿದರು. "ನಾ ಈಗ ಉಣ್ಣಲೇನು?"

ರೊಟ್ಟಿಯ ಡಬ್ಬಿ ಮೇಲಿನ ಕಪಾಟಿನಲ್ಲಿತ್ತು. ಮಗ ತೊಡೆಯ ಮೇಲೆ ಆಗಷ್ಟೇ ನಿದ್ದೆ ಹೋಗಿದ್ದ, ಎಬ್ಬಿಸಿದರೆ ಇಡೀ ವಿಮಾನಕ್ಕೆ ಕೇಳುವಂತೆ ಅಳುತ್ತಿದ್ದ. ಕೈಕಾಲು ತೊಳೆಯದೆ ಉಣ್ಣುವುದು ಅತ್ತೆಯವರಿಗೂ ಸರಿಬೀಳುವುದಿಲ್ಲ. ನಾನು ಪರ್ಸಿನಿಂದ ಹಾಳೆ ತೆಗೆದು ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದೆ. ಸೂರ್ಯಾಸ್ತ ಆರು ಐವತ್ತೈದು.

"ಆರೂವರೆಕ್ಕ ಇಳಿತೇವ್ರಿ. ಅಲ್ಲೇ ಕೈಕಾಲು ತೊಕ್ಕೊಂಡು ಆರಾಮ ಉಣ್ರಿ. ಇಪ್ಪತ್ತು ಮಿನಿಟ್ ಉಳಿತಾವ."

"ನೀ ನೋಡಿದ್ಯಲ್ಲ, ಸಾಕು ಬಿಡು," ಎಂದು ಅತ್ತೆಯವರು ಸೀಟಿಗೆ ಒರಗಿದರು.

ಇನ್ನು ಒಂದು ಸಂಗತಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಉಪಯೋಗವಿಲ್ಲ. ನಾನು ಗೋಕಾಕದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ನನ್ನ ಮುಖ್ಯ ವಿಷಯ ಭೂಗೋಳ. ರೇಖಾಂಶ ಎಂದರೇನು, ಪೂರ್ವಕ್ಕೆ ಹೋದಂತೆ ಹೊತ್ತು ಹೇಗೆ ಬೇಗ ಹುಟ್ಟಿ ಬೇಗ ಮುಳುಗುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿ ಹತ್ತಕ್ಕೆ ಒಂಬತ್ತು ಅಂಕ ತೆಗೆದವಳು. ಅಂಥವಳು ಬೆಳಗಾವಿ ಸೀಮೆಯ ಹಾಳೆ ಹಿಡಿದುಕೊಂಡು ಕಲ್ಕತ್ತಾಕ್ಕೆ ಹೊರಟಿದ್ದೆ.

ಸೂರ್ಯ ನಮ್ಮ ಬೆನ್ನ ಹಿಂದೆ, ಎಡಕ್ಕಿದ್ದ. ನಮ್ಮ ಕಿಟಕಿಗೆ ಕಾಣುತ್ತಿರಲಿಲ್ಲ. ಮೋಡ ಮೊದಲು ಕೇಸರಿಯಾಯಿತು, ಆಮೇಲೆ ಬೂದಿಯಾಯಿತು. ನಾನು ಅದನ್ನು ಚೆಂದ ಎಂದು ನೋಡುತ್ತ ಕೂತೆ. ಮಗಳೇ ಮೊದಲು ಹೇಳಿದ್ದು.

"ಆಯಿ, ಹೊರಗ ಏನೂ ಕಾಣವಲ್ದು. ಕತ್ತಲಾತು."

ಗಡಿಯಾರ ನೋಡಿದೆ. ಆರು ಇಪ್ಪತ್ತೈದು. ಬಗ್ಗಿ ಹೊರಗೆ ನೋಡಿದೆ. ರೆಕ್ಕೆಯ ತುದಿಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿತ್ತು, ಅದರಾಚೆ ಕಪ್ಪು. ಆಗ, ಆಗ ನನಗೆ ರೇಖಾಂಶ ನೆನಪಾಯಿತು.

ಅತ್ತೆಯವರು ಮಗನ ಕೂದಲು ಸರಿ ಮಾಡುತ್ತ ಕೂತರು. ನನಗೆ ಅದೇ ತಡೆಯದಾಯಿತು. ನಾಲ್ಕು ಮಾತು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಹಾಳೆಯನ್ನು ಮತ್ತೆ ಬಿಚ್ಚಿದೆ.

"ಅತ್ತಿ, ನಮ್ಮ ಊರಾಗ ಇನ್ನೂ ಹೊತ್ತು ಐತ್ರಿ. ಇಲ್ಲಿ ನೋಡ್ರಿ, ಆರು ಐವತ್ತೈದು. ನೀವು ಮೂಡಲಗಿಯವ್ರು, ನಿಮಗ ಮೂಡಲಗಿ ಹೊತ್ತೇ ಲೆಕ್ಕ. ಡಬ್ಬಿ ತಗೀತೇನಿ."

ಅತ್ತೆಯವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಇದ್ದ ಮಡಿಕೆಯಲ್ಲೇ ಮಡಚಿ ಮರಳಿ ಕೊಟ್ಟರು.

"ಹೊತ್ತು ಕಣ್ಣಿಗೆ ಕಾಣಬೇಕು ಯವ್ವಾ. ಹಾಳ್ಯಾಗ ಕಂಡ್ರ ಏನ್ ಮಾಡೂದು? ಇರ್ಲಿ ಬಿಡು. ಮುಂಜಾನಿ ಉಂಡ್ರಾತು."

"ಮಮ್ಮಿ ಹೇಳಿದ್ದು ತಪ್ಪಾತು," ಎಂದಳು ಮಗಳು, ಕೂತವರಿಗೆಲ್ಲ ಕೇಳುವಂತೆ.

"ಬಾಯಿ ಮುಚ್ಚಿಕೊಂಡ ಕುಂದರು," ಎಂದು ಗದರಿದೆ. ಅವಳು ಕಿಟಕಿಗೆ ಮೂಗು ಹಚ್ಚಿ ಮುಸುಮುಸು ಅತ್ತಳು. ಪಾಪ, ಅವಳದೇನು ತಪ್ಪು.

ಕಲ್ಕತ್ತಾದಲ್ಲಿ ಇಳಿದಾಗ ನಿಲ್ದಾಣದ ದೀಪಗಳೆಲ್ಲ ಹತ್ತಿದ್ದವು. ಸೆಖೆ ಎಂದರೆ ಸೆಖೆ, ಸೀರೆ ಮೈಗೆ ಅಂಟುತ್ತಿತ್ತು. ಆ ಸೆಖೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಉಂಡಿದ್ದ ಅತ್ತೆಯವರ ಜೀವ, ಇನ್ನು ನಾಳೆಯವರೆಗೆ ಗುಟುಕು ನೀರಿಲ್ಲ. ಲಾಡ್ಜಿನಲ್ಲಿ ಮಕ್ಕಳಿಗೆ, ನಮ್ಮವರಿಗೆ ರೊಟ್ಟಿ ಕೊಟ್ಟೆ. ನನಗೆ ಹಾಕಿಕೊಳ್ಳಲು ಕೈ ಬರಲಿಲ್ಲ. ತಲೆ ನೋವು ಎಂದು ಸುಳ್ಳು ಹೇಳಿ ನೀರೂ ಕುಡಿಯದೆ ಮಲಗಿದೆ. ಅತ್ತೆಯವರು ಆಗಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಅಂದಿನಿಂದ ನಾನೂ ಒಂದು ಹಟ ಹಿಡಿದೆ. ಈ ಪ್ರವಾಸ ಮುಗಿಯುವವರೆಗೆ ಹೊತ್ತು ಮುಳುಗಿದ ಮೇಲೆ ನನಗೂ ಏನೂ ಬೇಡ. ನೇಮ ಎನ್ನಲು ನನಗೇ ನಾಚಿಕೆ, ಅದಕ್ಕೆ ಯಾರಿಗೂ ಹೇಳಲಿಲ್ಲ. ಅದು ಸಿಟ್ಟು, ನನ್ನ ಮೇಲೆ ನನಗೇ ಬಂದ ಸಿಟ್ಟು.

ಡಾರ್ಜಿಲಿಂಗ್ ಚೆಂದವಿತ್ತು, ಅದನ್ನು ಹೇಳದಿದ್ದರೆ ದೇವರು ಮೆಚ್ಚುವುದಿಲ್ಲ. ಮಗಳಿಗೆ ಹಿಮದ ಗುಡ್ಡ ಐದು ದಿನದಲ್ಲಿ ಎರಡು ಸಲ ಕಂಡಿತು, ಎರಡನೇ ಸಲ ನನಗೂ. ಸಣ್ಣ ರೈಲಿನಲ್ಲಿ ಮಗ ಕೂಗಿದ್ದು ಇಂಜಿನ್ನಿಗಿಂತ ಜೋರಾಗಿತ್ತು. ಅತ್ತೆಯವರು ನಮ್ಮವರ ಸ್ವೆಟರ್ ಹಾಕಿಕೊಂಡು, ತಲೆಗೆ ಟಾವೆಲ್ ಸುತ್ತಿಕೊಂಡು, ಚಹದ ತೋಟದಲ್ಲಿ ಎಲೆ ಕೀಳುವ ಹೆಂಗಸರ ಹತ್ತಿರ ಹೋಗಿ ಕೂತರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅರ್ಧ ತಾಸು ಮಾತಾಡಿದರು. ಬರುವಾಗ ಅವರಿಗೆ ಕರದಂಟು ಕೊಟ್ಟು ಬಂದರು. ಇಷ್ಟು ನಗುವ ಅತ್ತೆಯವರನ್ನು ನಾನು ಮೂಡಲಗಿಯಲ್ಲಿ ನೋಡಿರಲಿಲ್ಲ.

ಆದರೆ ಮಧ್ಯಾಹ್ನ ಮೂರು ಹೊಡೆಯಿತೆಂದರೆ ನನ್ನ ಜೀವ ನಿಲ್ಲುತ್ತಿರಲಿಲ್ಲ. ಇಲ್ಲಿ ಹೊತ್ತು ಎಷ್ಟಕ್ಕೆ ಮುಳುಗುತ್ತದೆ ಎಂದು ಕಂಡ ಕಂಡವರನ್ನು ಕೇಳುವುದು, ಎಲ್ಲೇ ಇದ್ದರೂ ಎಲ್ಲರನ್ನೂ ಬಿಟ್ಟು ಲಾಡ್ಜಿಗೆ ಓಡುವುದು, ನೀರು ಗಾಳಿಸಿ ಅಲ್ಲಿಯ ಒಲೆಯ ಮೇಲೆ ಅನ್ನಕ್ಕಿಡುವುದು. ಐದಕ್ಕೆ ಅತ್ತೆಯವರಿಗೆ ತಾಟು. ಮಕ್ಕಳಿಗೆ ಉಣಿಸಿ, ಮಗ ಚೆಲ್ಲಿದ್ದನ್ನು ಒರೆಸಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಎಷ್ಟೋ ದಿನ ಹೊರಗೆ ದೀಪ ಹತ್ತಿರುತ್ತಿತ್ತು. ಆಗ ನನ್ನ ಪಾಲಿನ ಅನ್ನ ಹಾಗೇ ಉಳಿಯುತ್ತಿತ್ತು. ಮುಂಜಾನೆ ಸೂರ್ಯ ಹುಟ್ಟಿದ್ದೇ ತಡ ಗಬಗಬ ತಿನ್ನುತ್ತಿದ್ದೆ. "ಥಂಡಿಗಿ ಹಸಿವಿ ಹೆಚ್ಚು ನೋಡು," ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ಅವರಿಗೆ ಯಾವಾಗ ಏನು ತಿಳಿದಿದೆ.

ಮರಳಿ ಬರುವ ದಿನ ಕಲ್ಕತ್ತಾಕ್ಕೆ ರೈಲು ತಡವಾಗಿ ಮುಟ್ಟಿತು. ಬೆಳಿಗ್ಗೆ ಒಂದು ಕಪ್ಪು ಚಹಾ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ಇಳಿಸಿದವಳೇ ಅತ್ತೆಯವರನ್ನು ಕೈ ತೊಳೆಯಲು ಕರೆದುಕೊಂಡು ಹೋದೆ. ನಾಲ್ಕೂವರೆಗೆ ಅವರ ಊಟ ಮುಗಿಯಿತು, ನನ್ನ ಎದೆ ತಣ್ಣಗಾಯಿತು. ಇನ್ನು ನಾನು ಒಂದು ರೊಟ್ಟಿ ಮುರಿಯಬೇಕು, ಅಷ್ಟರಲ್ಲಿ ಮಗ ಅಂಗಿಯ ಮೇಲೆಲ್ಲ ವಾಂತಿ ಮಾಡಿಕೊಂಡ. ಅವನನ್ನು ತೊಳೆದು ಬಟ್ಟೆ ಬದಲಿಸಿದೆ. ಆಮೇಲೆ ಮಗಳ ಒಂದು ಚಪ್ಪಲಿ ಕಾಣೆಯಾಯಿತು. ಅದು ಸಿಗುವಷ್ಟರಲ್ಲಿ ವಿಮಾನಕ್ಕೆ ಕರೆದರು.

ಈ ಸಲವೂ ಬಲಗಡೆಯ ಸಾಲು, ಅದೇ ಕ್ರಮ. ನಮ್ಮ ವಿಮಾನ ಬೇರೆ ವಿಮಾನಗಳ ಹಿಂದೆ ಸಾಲಿನಲ್ಲಿ ನಿಂತಿತ್ತು. ಕಿಟಕಿಯಲ್ಲಿ ಸೂರ್ಯ ಕಾಣುತ್ತಿದ್ದ. ನೋಡನೋಡುತ್ತಿದ್ದಂತೆ ಊರಿನ ಧೂಳಿನಲ್ಲಿ, ದೂರದ ಕಟ್ಟಡಗಳ ಹಿಂದೆ ಇಳಿದುಬಿಟ್ಟ. ಆರು ಗಂಟೆ ಐದು ನಿಮಿಷ. ಸರಿ, ಇವತ್ತಿಗೂ ಆಯಿತು ಎಂದುಕೊಂಡೆ. ಹಸಿದ ಹೊಟ್ಟೆಗೆ ಸೆರಗು ಬಿಗಿದುಕೊಂಡೆ.

ವಿಮಾನ ಎದ್ದಿತು, ಒಂದು ಸುತ್ತು ಹೊರಳಿತು, ಏರುತ್ತಲೇ ಹೋಯಿತು. ಆಗ ಮಗಳು ಆಯಿಯ ತೋಳು ಜಗ್ಗಿದಳು.

"ಆಯಿ, ಸೂರ್ಯಪ್ಪ ಮತ್ತ ಬಂದ ನೋಡು."

ಸುಮ್ಮನೆ ಏನೋ ಅನ್ನುತ್ತಾಳೆ ಎಂದು ನಾನು ನೋಡಲೂ ಇಲ್ಲ. ಆದರೆ ಅತ್ತೆಯವರ ಮುಖದ ಮೇಲೆ ಬೆಳಕು ಬಿತ್ತು. ಅವರ ಮೂಗುಬೊಟ್ಟು ಹೊಳೆಯಿತು. ಬಗ್ಗಿ ನೋಡಿದೆ. ಧೂಳಿನ ಪದರವೆಲ್ಲ ಕೆಳಗೆ ಉಳಿದು, ರೆಕ್ಕೆಯ ಮುಂದೆ, ಮೋಡದ ಅಂಚಿನ ಮೇಲೆ, ಆಗಲೇ ಮುಳುಗಿದ್ದ ಸೂರ್ಯ ಅಖಂಡವಾಗಿ ನಿಂತಿದ್ದ. ನಾವು ಮೇಲೇರಿದ್ದೆವು, ಪಶ್ಚಿಮಕ್ಕೆ ಅವನ ಬೆನ್ನು ಹತ್ತಿದ್ದೆವು. ಈ ಸಲ ಭೂಗೋಳ ನನಗೆ ಹೊತ್ತಿಗೆ ಸರಿಯಾಗಿ ನೆನಪಾಯಿತು.

ಅತ್ತೆಯವರು ತುಸು ಹೊತ್ತು ಕಿಟಕಿಯನ್ನೇ ನೋಡಿದರು. ಆಮೇಲೆ ಕಾಲ ಬುಡದಲ್ಲಿದ್ದ ಚೀಲ ಎಳೆದುಕೊಂಡರು. ಹೋಗುವಾಗ ಆದದ್ದರಿಂದ ಬುದ್ಧಿ ಬಂದು ಡಬ್ಬಿಯನ್ನು ನಾನು ಮೇಲಿಟ್ಟಿರಲಿಲ್ಲ. ಸಜ್ಜೆ ರೊಟ್ಟಿ ತೆಗೆದು, ಮೇಲೆ ಚಟ್ನಿ ಉದುರಿಸಿ, ನನ್ನ ಕೈಗೆ ಹಿಡಿದರು.

"ಉಣ್ಣು."

"ನನಗ ಹಸಿವಿಲ್ರಿ ಅತ್ತಿ."

"ಎಂಟು ದಿನ ಆತು ನೋಡಾಕತ್ತೇನಿ. ಹೊತ್ತು ಮುಳುಗಿದ ಮ್ಯಾಲ ನೀ ಏನೂ ಮುಟ್ಟವಲ್ಲಿ. ಇವತ್ತ ಮುಂಜಾನಿಂದ ಏನೂ ತಿಂದಿಲ್ಲ. ನನಗ ಕಣ್ಣಿಲ್ಲ ಅಂತ ತಿಳದೀಯೇನು?"

ಏನೋ ಹೇಳಬೇಕೆಂದು ಹೇಳಿದೆ. "ಹೊತ್ತು ಒಮ್ಮಿ ಮುಳುಗೈತಲ್ರಿ."

"ಮುಳುಗಿದ್ರ ಮುಳುಗಲಿ. ಈಗ ಕಣ್ಣಿಗೆ ಕಾಣಾಕತ್ತೈತೋ ಇಲ್ಲೋ? ಲಗೂ ಉಣ್ಣು, ಮತ್ತ ಹೋದಾನು."

ನಾನು ರೊಟ್ಟಿ ಮುರಿದೆ. ಖಡಕ್ ರೊಟ್ಟಿಯ ಸಪ್ಪಳಕ್ಕೆ ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ನೋಡಿದರೆ ನೋಡಲಿ. ಕಣ್ಣಿಂದ ನೀರು ಇಳಿಯುತ್ತಿತ್ತು. ಚಟ್ನಿ ಖಾರ ಎಂದು ಹೇಳಿಕೊಳ್ಳುವ ಅನುಕೂಲವಿತ್ತು, ಆದರೆ ಅತ್ತೆಯವರು ಕೇಳಲೇ ಇಲ್ಲ. ಎರಡನೇ ರೊಟ್ಟಿ ಕೊಟ್ಟರು, ಆಮೇಲೆ ಒಂದು ಹೋಳಿಗೆ. ನಡುನಡುವೆ ಕಿಟಕಿಯ ಕಡೆ ನೋಡಿ, "ಇನ್ನೂ ಅದಾನ, ಸಾವಕಾಶ ಉಣ್ಣು," ಎನ್ನುತ್ತಿದ್ದರು. ಮಗಳು ಮೂಗು ಗಾಜಿಗೆ ಒತ್ತಿ ಸೂರ್ಯನನ್ನು ಕಾಯ್ದಳು. ಅರ್ಧ ತಾಸಿನ ಮೇಲೆ ಅವನು ನಿಧಾನಕ್ಕೆ ಮೋಡದೊಳಗೆ ಇಳಿಯತೊಡಗಿದಾಗ ನಾನು ಕೊನೆಯ ಗುಟುಕು ನೀರು ಕುಡಿದಿದ್ದೆ. ಅತ್ತೆಯವರು ಡಬ್ಬಿಯ ಮುಚ್ಚಳ ಹಾಕಿದರು.

ಮೂಡಲಗಿ ಮುಟ್ಟಿದ ಮರುದಿನವೇ ಓಣಿಯ ಹೆಂಗಸರು, ನೆಂಟರ ಬಳಗ ಎಲ್ಲ ಪಡಸಾಲೆಯಲ್ಲಿ ನೆರೆಯಿತು. ನಾನು ಒಳಗೆ ಚಹಾಕ್ಕಿಟ್ಟಿದ್ದೆ. ಹಿಮ, ರೈಲು, ಚಹದ ತೋಟ ಎಲ್ಲ ಆಯಿತು. ಕೊನೆಗೆ ಒಬ್ಬರು ನಾನು ಅಂಜಿದ್ದನ್ನೇ ಕೇಳಿದರು.

"ಅಷ್ಟ ದೂರ ಹೋಗಿದ್ರಿ. ನಿಮ್ಮ ನೇಮ ಹೆಂಗ ನಡೀತ್ರಿ ಅಲ್ಲಿ?"

ಸಾಣಿಗೆ ಹಿಡಿದ ನನ್ನ ಕೈ ನಿಂತಿತು. ಕಲ್ಕತ್ತಾದ ಆ ಸಂಜೆ, ಆ ಸೆಖೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಅತ್ತೆಯವರು ಕಣ್ಣ ಮುಂದೆ ಬಂದರು. ಇನ್ನು ಈ ಓಣಿಯಲ್ಲಿ ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ನನ್ನ ಸೊಸಿ ನೋಡ್ಕೋತೇನಿ ಅಂದಿದ್ಲು, ನೋಡ್ಕೊಂಡ್ಲು," ಎಂದರು ಅತ್ತೆಯವರು. "ಒಂದ ದಿನಾನೂ ನೇಮ ತಪ್ಪಲಿಲ್ಲ. ಅಕಿನೂ ನನ್ನ ಜೋಡಿ ಹಿಡದ್ಲು."

ಯಾರೋ "ಖರೇನ?" ಎಂದರು. ಖರೆ ಎಂದು ಅತ್ತೆಯವರು ಹೇಳಿದ್ದೂ ಕೇಳಿತು. ನಾನು ಚಹಾ ಸೋಸಿದೆ, ಕಪ್ಪುಗಳನ್ನು ತಾಟಿನಲ್ಲಿಟ್ಟುಕೊಂಡೆ. ಹೊರಗೆ ಹೋಗುವ ಮೊದಲು ಪರ್ಸಿನಿಂದ ಆ ಹಾಳೆ ತೆಗೆದು, ಗೋಡೆಯ ಮೇಲೆ ಮೊದಲಿದ್ದ ಜಾಗದಲ್ಲೇ ಮೊಳೆಗೆ ಸಿಕ್ಕಿಸಿದೆ. ಮೇ ತಿಂಗಳು ಇನ್ನೂ ಒಂದು ವಾರ ಉಳಿದಿತ್ತು.